ಇಲಿ ಹೋದ ಜಾಗಕ್ಕೆ ಯಾರು ಬಂದರು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಮ್ಮದು ಅಡಿಕೆ ತೋಟ. ನಡುವೆ ತೆಂಗು ಮತ್ತು ಕೊಕ್ಕೊ ಇದೆ, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಳೆದ ವರ್ಷ ಇಲಿ ಕೊರೆದ ಎಳೆಯ ತೆಂಗಿನಕಾಯಿಗಳು ದಿನವೂ ಉದುರುತ್ತಿದ್ದವು. ಕೊಕ್ಕೊ ಕಾಯಿಗಳ ತೊಟ್ಟಿನ ಬಳಿಯೂ ತೂತು. ತೋಟದಲ್ಲಿ ಮತ್ತು ಮನೆಯ ಅಟ್ಟದಲ್ಲಿ ಇಲಿಪಾಷಾಣದ ಬಿಲ್ಲೆ ಇಟ್ಟೆವು. ಇಲಿ ಕಡಿಮೆಯಾಯಿತು. ಆದರೆ ಕೆಲವು ತಿಂಗಳಲ್ಲೇ ಕೊಕ್ಕೊ ಕಾಯಿಗಳ ನಡುಭಾಗದಲ್ಲಿ ತೂತು ಬೀಳತೊಡಗಿತು. ಮನೆಯೊಳಗೆ ಹಿಂದೆ ಅಪರೂಪವಾಗಿದ್ದ ಚಿಟ್ಟಿಲಿಗಳು ಈಗ ಅಕ್ಕಿ ಚೀಲದಿಂದ ಪುಸ್ತಕದ ಕಪಾಟಿನ ತನಕ ಎಲ್ಲೆಡೆ ಇವೆ. ರಾತ್ರಿ ಗೋಡೆಯ ಬುಡದಲ್ಲಿ ಸೊಂಡಿಲಿ ಕಿರುಗುಟ್ಟುತ್ತಾ ಓಡುತ್ತದೆ. ಬೆಕ್ಕು ಅದನ್ನು ಕೊಂದು ಹಾಕುತ್ತದೆ, ತಿನ್ನುವುದಿಲ್ಲ. ಸೊಂಡಿಲಿ ಇಲಿಮರಿಗಳನ್ನು ತಿನ್ನುತ್ತದೆ, ಅದನ್ನು ಕೊಲ್ಲಬೇಡಿ ಎಂದು ಪಕ್ಕದ ಮನೆಯ ಅಜ್ಜ ಹೇಳುತ್ತಾರೆ. ಮುಂಗುಸಿ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಈ ಪ್ರಾಣಿಗಳು ನಿಜಕ್ಕೂ ಒಂದನ್ನೊಂದು ತಿನ್ನುತ್ತವೆಯೇ, ಓಡಿಸುತ್ತವೆಯೇ? ನಾವು ಯಾವುದನ್ನು ಉಳಿಸಬೇಕು, ಯಾವುದನ್ನು ತಡೆಯಬೇಕು?

ಉತ್ತರ: ನೀವು ಕೇಳಿದ್ದಕ್ಕೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೊಕ್ಕೊ ಕಾಯಿಯ ತೂತು ತೊಟ್ಟಿನ ಬಳಿಯಿಂದ ನಡುಭಾಗಕ್ಕೆ ಬಂತು ಎಂದು ಬರೆದಿದ್ದೀರಿ. ಹೆಚ್ಚಿನ ಕೃಷಿಕರು ತೂತನ್ನು ಗಮನಿಸುತ್ತಾರೆ, ಅದು ಕಾಯಿಯ ಯಾವ ಭಾಗದಲ್ಲಿದೆ ಎಂದು ನೋಡುವವರು ಕಡಿಮೆ. ನೀವು ನೋಡಿದ್ದೀರಿ. ಕೊಕ್ಕೊ ತೋಟಗಳಲ್ಲಿ ತೊಟ್ಟಿನ ಪಕ್ಕ ಕೊರೆಯುವುದು ಸಾಮಾನ್ಯವಾಗಿ ಕಪ್ಪಿಲಿ. ಕಾಯಿಯ ನಡುವೆ ಕೊರೆಯುವುದು ಅಳಿಲು. ಅಂದರೆ ನಿಮ್ಮ ತೋಟದಲ್ಲಿ ಹಾನಿ ನಿಂತಿಲ್ಲ, ಹಾನಿ ಮಾಡುವವರು ಬದಲಾಗಿದ್ದಾರೆ. ಮನೆಯೊಳಗೂ ಆದದ್ದು ಅದೇ, ಆದರೆ ಅಲ್ಲಿನ ಕಾರಣ ಬೇರೆ. ತೋಟದಲ್ಲಿ ನಡೆದದ್ದು ಸ್ಪರ್ಧೆಯ ಕಥೆ; ಮನೆಯಲ್ಲಿ ಸ್ಪರ್ಧೆಯ ಜೊತೆಗೆ ಬೇಟೆಯೂ ಸೇರಿದೆ. ಇವೆರಡನ್ನು ಬಿಡಿಸಿ ನೋಡದೆ ಮದ್ದು ಹುಡುಕಿದರೆ ಪ್ರತಿ ವರ್ಷವೂ ಹೊಸ ಪ್ರಾಣಿಯ ಹಿಂದೆ ಓಡಬೇಕಾಗುತ್ತದೆ.

ಮೊದಲು ಯಾರು ಯಾರು ಇದ್ದಾರೆ ಎಂದು ನೋಡೋಣ. ತೆಂಗಿನ ಮಂಡೆಯಲ್ಲಿ ಗೂಡು ಕಟ್ಟಿ, ಅಲ್ಲೇ ಮರಿ ಹಾಕಿ, ಮೂರರಿಂದ ಆರು ತಿಂಗಳ ಎಳೆಗಾಯಿಗಳನ್ನು ತೊಟ್ಟಿನ ಹತ್ತಿರ ಕೊರೆಯುವುದು ಕಪ್ಪಿಲಿ. ಹೆಸರು ಕಪ್ಪಿಲಿಯಾದರೂ ನಮ್ಮ ಕಡೆ ಬೆನ್ನು ಕಂದು, ಹೊಟ್ಟೆ ಬಿಳಿ ಇರುವುದೇ ಹೆಚ್ಚು. ದೇಹಕ್ಕಿಂತ ಬಾಲ ಉದ್ದ. ಮರ ಹತ್ತುವ ಪ್ರಾಣಿಗೆ ಸಮತೋಲನಕ್ಕೆ ಅದು ಬೇಕು. ಅಟ್ಟದಲ್ಲಿ ಓಡುವುದೂ ಇದೇ. ಚಿಟ್ಟಿಲಿ ಇಪ್ಪತ್ತು ಗ್ರಾಂ ಕೂಡ ತೂಗದ ಬೇರೆಯೇ ಜಾತಿ. ಇಲಿಯ ಮರಿ ಅಲ್ಲ. ಗದ್ದೆಯ ಹುಣಿಯಲ್ಲಿ, ತೋಟದ ಬದುವಿನಲ್ಲಿ ಮಣ್ಣು ಗುಡ್ಡೆ ಹಾಕಿ ಬಿಲದ ಬಾಯಿ ಮುಚ್ಚಿಕೊಳ್ಳುವುದು ಸಣ್ಣ ಹೆಗ್ಗಣ. ಅದು ಮರ ಹತ್ತುವುದು ಬಹಳ ಕಡಿಮೆ; ನಿಮ್ಮ ತೆಂಗಿನ ಸಸಿಗಳು ಬುಡದಲ್ಲಿ ಕತ್ತರಿಸಿದಂತೆ ಬಿದ್ದಿದ್ದರೆ ಅದರ ಮೇಲೆ ಸಂಶಯಪಡಬೇಕು. ಅಳಿಲು ಹಗಲಿನ ಪ್ರಾಣಿ. ತೆರೆದ ತೆಂಗಿನ ತೋಟಗಳಲ್ಲಿ ಮನೆಯಂಗಳಕ್ಕೂ ಬರುವ ಮೂರು ಪಟ್ಟೆಯ ಅಳಿಲು ಕಾಣುತ್ತದೆ. ಕಾಡಿನ ಅಂಚಿನ ದಟ್ಟ ತೋಟಗಳಲ್ಲಿ ಮೈಬಣ್ಣ ಗಾಢವಾದ ಕಾಡು ಪಟ್ಟೆಯಳಿಲು ಇರುತ್ತದೆ. ಕೊಕ್ಕೊ ತಿನ್ನುವುದರಲ್ಲಿ ಎರಡೂ ಒಂದೇ.

ಸೊಂಡಿಲಿಯನ್ನು ಈ ಸಾಲಿಗೆ ಸೇರಿಸಲೇಬಾರದು. ಅದು ಇಲಿಯೇ ಅಲ್ಲ. ಬೆಕ್ಕು ಕೊಂದು ಹಾಕಿದ ಒಂದನ್ನು ಮುಂದಿನ ಸಲ ಎಸೆಯುವ ಮೊದಲು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾಯಿ ಬಿಡಿಸಿ ನೋಡಿ. ಇಲಿಗೆ ಮುಂದೆ ಉಳಿಯಂತಹ ಬಾಗಿದ ಹಲ್ಲುಗಳು, ಅವುಗಳ ಹಿಂದೆ ಹಲ್ಲಿಲ್ಲದ ಖಾಲಿ ಜಾಗ, ಆಮೇಲೆ ಅರೆಯುವ ದವಡೆ ಹಲ್ಲುಗಳು ಇರುತ್ತವೆ. ಸೊಂಡಿಲಿಗೆ ಆ ಖಾಲಿ ಜಾಗವೇ ಇಲ್ಲ. ತುದಿಯಿಂದ ಒಳಗಿನ ತನಕ ಚೂಪಾದ ಬಿಳಿ ಹಲ್ಲುಗಳ ಸಾಲು. ಹುಳುವಿನ ಗಟ್ಟಿ ಚಿಪ್ಪನ್ನು ಚುಚ್ಚಿ ಕತ್ತರಿಸಲು ಮಾಡಿದ ಬಾಯಿ ಅದು. ಮುಂಚಾಚಿದ ಮೂತಿ, ಗುಂಡುಸೂಜಿಯ ತಲೆಯಷ್ಟು ಕಣ್ಣು, ಬುಡದಲ್ಲಿ ದಪ್ಪಗಿದ್ದು ಅಲ್ಲಲ್ಲಿ ಉದ್ದ ಕೂದಲು ನಿಂತ ಬಾಲ, ಪಕ್ಕೆಯ ಗ್ರಂಥಿಯಿಂದ ಬರುವ ಕಟು ವಾಸನೆ. ನಿಮ್ಮ ಬೆಕ್ಕು ಅದನ್ನು ತಿನ್ನದೇ ಬಿಡುವುದು ಆ ವಾಸನೆಯಿಂದ. ಜಿರಲೆ, ಮಿಡತೆ, ಎರೆಹುಳ ಅದರ ಮುಖ್ಯ ಆಹಾರ. ಸಿಕ್ಕಿದರೆ ಅಡುಗೆಮನೆಯ ಚೂರುಪಾರನ್ನೂ ಬಿಡುವುದಿಲ್ಲ ಎಂಬುದು ನಿಜ, ಆದರೆ ಭತ್ತದ ಮೂಟೆಯನ್ನು ಕಡಿದು ತೂತು ಮಾಡುವ ಹಲ್ಲು ಅದಕ್ಕಿಲ್ಲ.

ಈಗ ತೋಟಕ್ಕೆ ಬರೋಣ. ಇಲಿ ರಾತ್ರಿ ತಿನ್ನುತ್ತದೆ, ಅಳಿಲು ಹಗಲು ತಿನ್ನುತ್ತದೆ. ಮುಖಾಮುಖಿಯಾಗುವುದೇ ಅಪರೂಪ. ಹಾಗಾದರೆ ಇಲಿ ಕಡಿಮೆಯಾದದ್ದರಿಂದ ಅಳಿಲಿಗೆ ಏನು ಲಾಭ? ಪ್ರಾಣಿಗಳ ನಡುವಿನ ಸ್ಪರ್ಧೆಯಲ್ಲಿ ಎರಡು ಬಗೆ ಇದೆ. ಒಂದು, ಎದುರಾಗಿ ಕಾದಾಡಿ ಓಡಿಸುವುದು. ಇನ್ನೊಂದು, ಎದುರಾಗದೆಯೇ ಇನ್ನೊಬ್ಬರ ಪಾಲನ್ನು ತಿಂದು ಮುಗಿಸುವುದು. ಎರಡನೆಯದಕ್ಕೆ ಜಗಳ ಬೇಕಾಗಿಲ್ಲ, ಪರಿಚಯವೂ ಬೇಕಾಗಿಲ್ಲ. ಹಣ್ಣಾಗುತ್ತಿರುವ ಕಾಯಿಯನ್ನು ಇಲಿ ರಾತ್ರಿಯೇ ಖಾಲಿ ಮಾಡಿದರೆ ಬೆಳಗ್ಗೆ ಬಂದ ಅಳಿಲಿಗೆ ಸಿಪ್ಪೆ ಮಾತ್ರ. ನೀವು ಇಲಿಯನ್ನು ತೆಗೆದಿರಿ, ಹಣ್ಣು ಹಾಗೆಯೇ ಮರದಲ್ಲಿ ಉಳಿಯಿತು, ಅಳಿಲು ಬಂದಿತು. ಹೆಚ್ಚು ತಿಂದ ಅಳಿಲು ಹೆಚ್ಚು ಮರಿಗಳನ್ನು ಸಾಕುತ್ತದೆ.

ಇದು ಊಹೆಯ ಮಾತಲ್ಲ ಎಂದು ತೋರಿಸಿದ ಪ್ರಯೋಗವೊಂದಿದೆ. ಅಮೆರಿಕದ ಅರಿಜೋನಾದಲ್ಲಿ ಪೋರ್ಟಲ್ ಎಂಬ ಊರಿನ ಬಳಿಯ ಮರುಭೂಮಿಯಲ್ಲಿ ಜೇಮ್ಸ್ ಬ್ರೌನ್ ಎಂಬ ವಿಜ್ಞಾನಿ 1977ರಲ್ಲಿ ಅದನ್ನು ಆರಂಭಿಸಿದರು. 50 ಮೀಟರ್ ಉದ್ದಗಲದ 24 ತುಂಡು ನೆಲಗಳಿಗೆ ಬೇಲಿ ಹಾಕಿ, ಬೇಲಿಯಲ್ಲಿ ಸಣ್ಣ ಕಿಂಡಿಗಳನ್ನು ಇಟ್ಟರು. ಕೆಲವು ನೆಲಗಳ ಕಿಂಡಿಗಳು ಎಷ್ಟು ಸಣ್ಣವೆಂದರೆ ಕಾಂಗರೂ ಇಲಿ ಎಂಬ ದೊಡ್ಡ ಇಲಿ ಒಳಗೆ ಬರಲಾಗದು, ಚಿಕ್ಕ ಜಾತಿಗಳು ಬರಬಹುದು. ಅಲ್ಲಿನ ಇಲಿಗಳಲ್ಲಿ ಹೆಚ್ಚಿನವು ಬೀಜ ತಿಂದು ಬದುಕುವಂಥವು. ದೊಡ್ಡ ಇಲಿ ಇಲ್ಲದ ಆವರಣಗಳಲ್ಲಿ ಬೀಜ ತಿನ್ನುವ ಚಿಕ್ಕ ಜಾತಿಗಳು ಹೆಚ್ಚಿದವು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಚಿಕ್ಕವು ಎಷ್ಟೇ ಹೆಚ್ಚಿದರೂ ದೊಡ್ಡವು ತಿನ್ನುತ್ತಿದ್ದಷ್ಟನ್ನು ಪೂರ್ತಿ ತಿಂದು ಮುಗಿಸಲಿಲ್ಲ. ಹನ್ನೆರಡು ವರ್ಷಗಳ ಹೊತ್ತಿಗೆ ಆ ಆವರಣಗಳಲ್ಲಿ ಎತ್ತರದ ಹುಲ್ಲು ತುಂಬಿತ್ತು. ಪೊದೆಗಳ ಮರುಭೂಮಿ ಹುಲ್ಲುಗಾವಲಿನ ಕಡೆಗೆ ತಿರುಗಿತ್ತು. 1990ರ ದಶಕದ ಮಧ್ಯದಲ್ಲಿ ಹೊರಗಿನಿಂದ ಬೇರೊಂದು ಜಾತಿಯ ಇಲಿ ಬಂದು ನೆಲೆಸಿತು, ಉಳಿದಿದ್ದ ಪಾಲಿನ ಬಹುಭಾಗ ಅದರ ಹೊಟ್ಟೆ ಸೇರಿತು. ಒಂದು ಪ್ರಾಣಿಯನ್ನು ತೆಗೆದರೆ ಆ ಜಾಗಕ್ಕೆ ಯಾರು, ಯಾವಾಗ, ಎಷ್ಟು ಬರುತ್ತಾರೆ ಎಂಬುದು ಸುತ್ತಮುತ್ತ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ನಿಮ್ಮ ತೋಟದ ಸುತ್ತ ಅಳಿಲು ಮೊದಲೇ ಇತ್ತು. ಹಾಗಾಗಿ ಕಾಯಬೇಕಾಗಲಿಲ್ಲ.

ಮನೆಯೊಳಗಿನ ಚಿಟ್ಟಿಲಿಯ ಲೆಕ್ಕ ಇದಕ್ಕಿಂತ ಕಠೋರವಾದದ್ದು. ಇಲಿ ಚಿಟ್ಟಿಲಿಯ ಅನ್ನವನ್ನೂ ಕಸಿಯುತ್ತದೆ, ಚಿಟ್ಟಿಲಿಯನ್ನೇ ಕೊಂದು ತಿನ್ನಲೂ ಬಲ್ಲದು. ಪ್ರಯೋಗಾಲಯಗಳಲ್ಲಿ ಕಂದು ಇಲಿಯ ಪಂಜರಕ್ಕೆ ಚಿಟ್ಟಿಲಿಯನ್ನು ಬಿಟ್ಟರೆ ಹಲವು ಇಲಿಗಳು ಕತ್ತಿನ ಹಿಂಭಾಗವನ್ನು ಕಚ್ಚಿ ಕೊಲ್ಲುತ್ತವೆ ಎಂಬುದು 1950ರ ದಶಕದಿಂದಲೇ ಅಧ್ಯಯನಗೊಂಡ ವಿಷಯ. ಕೊಲ್ಲದಿದ್ದರೂ ಇಲಿಯ ವಾಸನೆಯೊಂದೇ ಸಾಕು, ಚಿಟ್ಟಿಲಿ ಆ ಜಾಗವನ್ನು ತಪ್ಪಿಸಿ ಓಡಾಡುತ್ತದೆ. ಇಲಿಗಳಿದ್ದ ಕಾಲದಲ್ಲಿ ನಿಮ್ಮ ಅಟ್ಟ, ಅಕ್ಕಿಯ ಕೋಣೆ ಎಲ್ಲ ಅವುಗಳ ವಶದಲ್ಲಿತ್ತು. ಚಿಟ್ಟಿಲಿಗೆ ಉಳಿದದ್ದು ಗೋಡೆಯ ಬಿರುಕು. ಈಗ ಮನೆಯಿಡೀ ಅದರದ್ದು. ಅದರ ಗರ್ಭಾವಧಿ ಮೂರು ವಾರ, ಮರಿಗಳು ಒಂದೂವರೆ ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು.

ನ್ಯೂಜಿಲೆಂಡಿನ ಕಾಡುಗಳಲ್ಲಿ ಹಕ್ಕಿಗಳನ್ನು ಉಳಿಸಲು ಕಪ್ಪಿಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದಾಗಲೂ ಹೀಗೆಯೇ ಆಗಿದೆ: ಇಲಿ ಇಳಿದಂತೆ ಚಿಟ್ಟಿಲಿ ಏರಿತು. ಇನ್ನೂ ಮುಂದೆ ಹೋಗಿ ನೋಡಬೇಕೆಂದರೆ ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪವಿದೆ. ಹಡಗುಗಳಲ್ಲಿ ಬಂದ ಚಿಟ್ಟಿಲಿ ಬಿಟ್ಟರೆ ಅಲ್ಲಿ ಬೇರೆ ಇಲಿಯಿಲ್ಲ, ಬೆಕ್ಕಿಲ್ಲ. ತಡೆಯುವವರು ಯಾರೂ ಇಲ್ಲದ ಆ ನೆಲದಲ್ಲಿ ಚಿಟ್ಟಿಲಿ ಬೇರೆಡೆಗಿಂತ ಬಹಳ ದೊಡ್ಡದಾಗಿ ಬೆಳೆದಿದೆ, ಗೂಡಿನಲ್ಲಿ ಕುಳಿತ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಜೀವಂತವಾಗಿಯೇ ಕಚ್ಚಿ ತಿನ್ನುತ್ತದೆ. ಆ ಮರಿಗಳ ತೂಕ ಚಿಟ್ಟಿಲಿಯ ತೂಕದ ನೂರಾರು ಪಟ್ಟು. 2021ರಲ್ಲಿ ದ್ವೀಪದಿಂದ ಚಿಟ್ಟಿಲಿಗಳನ್ನು ನಿರ್ಮೂಲ ಮಾಡುವ ದೊಡ್ಡ ಪ್ರಯತ್ನ ನಡೆಯಿತು, ಫಲಿಸಲಿಲ್ಲ. ನಿಮ್ಮ ಮನೆಯ ಚಿಟ್ಟಿಲಿ ಹಾಗಾಗುತ್ತದೆ ಎಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಯಾವ ಪ್ರಾಣಿ ಬೇಟೆ, ಯಾವುದು ಬೇಟೆಗಾರ ಎಂಬುದು ಅದರ ಜಾತಿಯಲ್ಲಿ ಬರೆದಿಟ್ಟದ್ದಲ್ಲ, ಜೊತೆಯಲ್ಲಿ ಯಾರಿದ್ದಾರೆ ಎಂಬುದರಿಂದ ತೀರ್ಮಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ನೆರೆಮನೆಯ ಅಜ್ಜನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಹುರುಳಿದೆ. ಸೊಂಡಿಲಿ ಹುಳು ತಿನ್ನುವ ಪ್ರಾಣಿಯಾದರೂ ಅದರ ದೇಹ ಬೇಗ ಬೇಗ ಉರಿಯುವ ದೇಹ. ಕೆಲವು ಗಂಟೆ ಆಹಾರ ಸಿಗದಿದ್ದರೂ ಅದಕ್ಕೆ ಕಷ್ಟ. ಹಾಗಾಗಿ ದಾರಿಯಲ್ಲಿ ಸಿಕ್ಕ ಮಾಂಸವನ್ನು ಅದು ಬಿಡುವುದಿಲ್ಲ. ಕಣ್ಣು ತೆರೆಯದ, ರೋಮ ಮೂಡದ ಚಿಟ್ಟಿಲಿಮರಿಗಳ ಗೂಡು ಸಿಕ್ಕಿದರೆ ತಿನ್ನುತ್ತದೆ. ಸಣ್ಣ ಚಿಟ್ಟಿಲಿಯನ್ನೂ ಹಿಡಿಯಬಲ್ಲದು. ಆದರೆ ಬೆಳೆದ ಕಪ್ಪಿಲಿಯ ಎದುರು ಅದು ನಿಲ್ಲುವುದಿಲ್ಲ. ಸೊಂಡಿಲಿಯ ಎರಡು ಮೂರು ಮರಿಗಳ ಗೂಡು ಇಲಿಗೆ ಸಿಕ್ಕಿದರೆ ಇಲಿಯೂ ಬಿಡುವುದಿಲ್ಲ. ಇಬ್ಬರೂ ಒಬ್ಬರ ಮರಿಗಳನ್ನು ಇನ್ನೊಬ್ಬರು ತಿನ್ನುವ ಇಂತಹ ಸಂಬಂಧ ಸಣ್ಣ ಸಸ್ತನಿಗಳಲ್ಲಿ ಅಪರೂಪವಲ್ಲ. ಸೊಂಡಿಲಿ ಮರಿಗಳನ್ನು ಸ್ಥಳ ಬದಲಾಯಿಸುವಾಗ ಒಂದು ಮರಿ ತಾಯಿಯ ಬಾಲದ ಬುಡವನ್ನು, ಅದರ ಹಿಂದಿನದು ಮುಂದಿನದರ ಬಾಲದ ಬುಡವನ್ನು ಕಚ್ಚಿಕೊಂಡು ಸಾಲಾಗಿ ಸಾಗುತ್ತವೆ. ಹಟ್ಟಿಯ ಗೋಡೆಯ ಬುಡದಲ್ಲಿ ಆ ಸಾಲು ತಿರುವು ತೆಗೆದುಕೊಳ್ಳುವುದನ್ನು ನೋಡಿದವರು ಅದನ್ನು ಹಾವಿನ ಮರಿ ಎಂದು ಹೊಡೆದದ್ದುಂಟು. ಹೊಡೆಯಬೇಡಿ.

ಹಾಗೆಂದು ಸೊಂಡಿಲಿಯನ್ನು ನಂಬಿ ಚಿಟ್ಟಿಲಿ ಕಡಿಮೆಯಾದೀತೆಂದು ಕಾಯುವಂತೆಯೂ ಇಲ್ಲ. ಅದು ತಿನ್ನುವ ಮರಿಗಳಿಗಿಂತ ಚಿಟ್ಟಿಲಿ ಹಾಕುವ ಮರಿಗಳು ಬಹಳ ಹೆಚ್ಚು. ಸೊಂಡಿಲಿಯ ನಿಜವಾದ ಉಪಕಾರ ಜಿರಲೆಯ ವಿಷಯದಲ್ಲಿ.

ಮುಂಗುಸಿಯ ಸಲಹೆಯನ್ನು ಕೊಟ್ಟವರು ನಿಮ್ಮೂರಿನವರು ಮಾತ್ರ ಅಲ್ಲ. 1872ರಲ್ಲಿ ಜಮೈಕಾದ ಕಬ್ಬಿನ ತೋಟಗಳ ಇಲಿಗಳಿಗೆಂದು ನಮ್ಮ ದೇಶದಿಂದಲೇ ಒಂಬತ್ತು ಮುಂಗುಸಿಗಳನ್ನು ಒಯ್ದರು. ಅವುಗಳ ಸಂತತಿಯನ್ನು 1883ರಲ್ಲಿ ಹವಾಯಿಗೆ ಕೊಂಡೊಯ್ದರು. ಮುಂಗುಸಿ ಹಗಲು ಬೇಟೆಯಾಡುತ್ತದೆ, ನೆಲದ ಮೇಲೆ ಬೇಟೆಯಾಡುತ್ತದೆ. ಕಪ್ಪಿಲಿ ರಾತ್ರಿ ಓಡಾಡುತ್ತದೆ, ಮರದ ಮೇಲೆ ಮಲಗುತ್ತದೆ. ಕೆಲವು ವರ್ಷ ಇಲಿ ಕಡಿಮೆಯಾದಂತೆ ಕಂಡಿತು, ಆಮೇಲೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮತ್ತು ಹಲ್ಲಿಗಳಿಗೆ ಮುಂಗುಸಿಯಿಂದ ಆದ ನಷ್ಟವನ್ನು ಆ ದ್ವೀಪಗಳು ಇಂದಿಗೂ ಅನುಭವಿಸುತ್ತಿವೆ. ನಮ್ಮಲ್ಲಿ ಮುಂಗುಸಿ ಈ ನೆಲದ್ದೇ ಪ್ರಾಣಿ, ಅದು ಇರುವುದು ಒಳ್ಳೆಯದೇ. ಬದುವಿನ ಹೆಗ್ಗಣದ ಮರಿಗಳನ್ನು, ಹಾವುಗಳನ್ನು ಹಿಡಿಯುತ್ತದೆ. ತೆಂಗಿನ ಮಂಡೆಯ ಇಲಿಗೆ ಅದು ಉತ್ತರವಾಗದು. ಹಿಡಿದು ತಂದು ಸಾಕುವ ಯೋಚನೆಯಂತೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಬೆಕ್ಕಿನ ಬಗ್ಗೆ ನಮಗೆಲ್ಲ ಇರುವ ನಂಬಿಕೆ ಅದರ ಸಾಮರ್ಥ್ಯಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತ್ಯಾಜ್ಯ ಸಂಸ್ಕರಣೆಯ ಕಟ್ಟಡವೊಂದರಲ್ಲಿ ಬೀದಿಬೆಕ್ಕುಗಳು ಮತ್ತು ದೊಡ್ಡ ಇಲಿಗಳ ಮೇಲೆ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 79 ದಿನಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿಗಳನ್ನು. ಆದರೆ ಬೆಕ್ಕು ಕಂಡ ದಿನಗಳಲ್ಲಿ ಇಲಿಗಳು ಹೊರಗೆ ಬರುವುದು ಕಡಿಮೆಯಾಗಿತ್ತು. ಹೀಗಾಗಿ ಬೆಕ್ಕಿದ್ದರೆ ಇಲಿಯೇ ಇಲ್ಲ ಎಂದು ಜನರಿಗೆ ಅನಿಸುತ್ತದೆ. ಬೆಕ್ಕು ಚೆನ್ನಾಗಿ ಹಿಡಿಯುವುದು ಚಿಟ್ಟಿಲಿ, ಇಲಿಯ ಎಳೆಮರಿ, ಅಳಿಲಿನ ಮರಿ ಮತ್ತು ಹಕ್ಕಿಗಳನ್ನು. ನಿಮ್ಮ ಬೆಕ್ಕು ಹಿತ್ತಿಲಿನಲ್ಲಿ ಮಡಿವಾಳ ಹಕ್ಕಿಯನ್ನು ಹಿಡಿದು ತರುತ್ತಿದೆಯೇ ಎಂದೂ ನೋಡಿಕೊಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೊಡ್ಡ ಬೇಟೆಗಾರನನ್ನು ತೆಗೆದರೆ ಅದರ ಕೆಳಗಿನ ಸಣ್ಣ ಬೇಟೆಗಾರ ಹೆಚ್ಚುತ್ತದೆ. ನ್ಯೂಜಿಲೆಂಡಿನ ಲಿಟ್ಲ್ ಬ್ಯಾರಿಯರ್ ದ್ವೀಪದಲ್ಲಿ ಕಡಲಹಕ್ಕಿಗಳನ್ನು ಉಳಿಸಲು 1980ರಲ್ಲಿ ಬೆಕ್ಕುಗಳನ್ನು ಪೂರ್ತಿ ತೆಗೆದರು. ಹಕ್ಕಿಗಳ ಮರಿಗಳು ಹೆಚ್ಚು ಉಳಿಯಬೇಕಿತ್ತು, ಕಡಿಮೆ ಉಳಿದವು. ಬೆಕ್ಕಿನ ಭಯವಿಲ್ಲದ ಇಲಿಗಳು ಮೊಟ್ಟೆ, ಮರಿಗಳನ್ನು ತಿನ್ನತೊಡಗಿದ್ದವು. 2004ರಲ್ಲಿ ಇಲಿಗಳನ್ನೂ ತೆಗೆದ ಮೇಲೆಯೇ ಹಕ್ಕಿಗಳು ಚೇತರಿಸಿಕೊಂಡವು. ನಮ್ಮ ತೋಟಗಳಲ್ಲಿ ನಾವು ತಿಳಿಯದೆ ಮಾಡುತ್ತಿರುವುದು ಇದನ್ನೇ. ಕೇರೆ ಹಾವನ್ನು ಕಂಡಲ್ಲಿ ಹೊಡೆಯುತ್ತೇವೆ. ಕಣಜ ಗೂಬೆ ಮಾಡಿನ ಸಂದಿಯಲ್ಲಿ ಕುಳಿತರೆ ಅಪಶಕುನವೆಂದು ಓಡಿಸುತ್ತೇವೆ. ನನಗೆ ನೋವಾಗುವುದು ಇಲ್ಲಿಯೇ. ನಾವು ಅಪಶಕುನ ಎನ್ನುವ ಅದೇ ಹಕ್ಕಿಗೆ ಮಲೇಷ್ಯಾದ ತಾಳೆಎಣ್ಣೆಯ ತೋಟಗಳಲ್ಲಿ ಮರದ ಪೆಟ್ಟಿಗೆ ಕಟ್ಟಿ ಗೂಡಿಗೆ ಜಾಗ ಕೊಡುತ್ತಾರೆ.

ಗೂಬೆ ಕುಳಿತುಕೊಳ್ಳುವ ಜಾಗದ ಕೆಳಗೆ ಹೆಬ್ಬೆರಳಿನ ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಅರಗದ ರೋಮ ಮತ್ತು ಎಲುಬನ್ನು ಗೂಬೆ ಬಾಯಿಯಿಂದ ಹೊರಹಾಕಿದ್ದು. ಒಂದನ್ನು ಬಿಸಿನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ನಿಮ್ಮ ತೋಟದ ಸಣ್ಣ ಸಸ್ತನಿಗಳ ಪಟ್ಟಿಯೇ ಸಿಗುತ್ತದೆ. ಮುಂದೆ ಕಿತ್ತಳೆ ಬಣ್ಣದ ಬಾಗಿದ ಹಲ್ಲು, ಹಿಂದೆ ಖಾಲಿ ಜಾಗ ಇದ್ದರೆ ಇಲಿಯ ತಲೆಬುರುಡೆ. ಅದೇ ಗುರುತುಗಳೊಂದಿಗೆ ಅಂಗುಷ್ಠದ ಉಗುರಿಗಿಂತ ಸ್ವಲ್ಪವೇ ಉದ್ದವಿದ್ದರೆ ಚಿಟ್ಟಿಲಿಯದು. ಉದ್ದವಾಗಿ, ಕೆನ್ನೆಯ ಎಲುಬಿನ ಕಮಾನೇ ಇಲ್ಲದೆ, ಬಿಳಿ ಹಲ್ಲಿನ ಎಡೆಬಿಡದ ಸಾಲಿದ್ದರೆ ಸೊಂಡಿಲಿಯದು. ಬೆಕ್ಕಿಗೆ ಬೇಡವಾದ ಸೊಂಡಿಲಿಯನ್ನು ಗೂಬೆ ಇಡಿಯಾಗಿ ನುಂಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಂಡು ಮಾಡಿ, ಕೈಗವಸು ಹಾಕಿಕೊಂಡು. ಮೂರು ನಾಲ್ಕು ತಿಂಗಳಿಗೊಮ್ಮೆ ಹೀಗೆ ನೋಡಿದರೆ ಯಾರು ಏರುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ ಎಂಬುದು ಪಾಷಾಣದ ಅಂಗಡಿಯವರಿಗಿಂತ ನಿಮಗೆ ಚೆನ್ನಾಗಿ ತಿಳಿಯುತ್ತದೆ.

ಈಗ ಪಾಷಾಣ. ನೀವು ಇಟ್ಟ ಬಿಲ್ಲೆ ಬ್ರೊಮಾಡಿಯೋಲೋನ್ ಆಗಿರಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಅದು. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮೂರು ನಾಲ್ಕು ದಿನ ಅಥವಾ ಹೆಚ್ಚು ಬದುಕಿರುತ್ತದೆ. ವಿಷದ ಹೆದರಿಕೆ ಇಲಿಗೆ ಹುಟ್ಟಬಾರದೆಂದೇ ಹಾಗೆ ಮಾಡಿದ್ದು. ಆದರೆ ಆ ದಿನಗಳಲ್ಲಿ ಅದು ಮಂಕಾಗಿ, ಹಗಲಿನಲ್ಲೂ ತೂರಾಡುತ್ತಾ ಓಡಾಡುತ್ತದೆ. ಗೂಬೆಗೆ, ಹಾವಿಗೆ, ನಿಮ್ಮ ಬೆಕ್ಕಿಗೆ ಸುಲಭದ ತುತ್ತಾಗುತ್ತದೆ. ಇಲಿಯ ಯಕೃತ್ತಿನಲ್ಲಿರುವ ವಿಷ ತಿಂದವರ ಯಕೃತ್ತಿಗೆ ಸೇರುತ್ತದೆ, ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಲಿ ವಾರಗಳಲ್ಲಿ ಮರಿ ಹಾಕುತ್ತದೆ. ಗೂಬೆ ತನ್ನ ಸಂತತಿಯನ್ನು ಮರಳಿ ಕಟ್ಟಿಕೊಳ್ಳಲು ವರ್ಷಗಳು ಬೇಕು. ಆದ್ದರಿಂದ ಎಡೆಬಿಡದ ಪಾಷಾಣದಿಂದ ಕೊನೆಗೆ ಗೆಲ್ಲುವುದು ಇಲಿಯೇ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಒಂದು ಕೀಟಕ್ಕೆಂದು ಹಾಕಿದ ವಿಷ ಆ ಕೀಟದಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಎಣ್ಮಕಜೆಯವರಿಗೂ ಬೆಳ್ಳೂರಿನವರಿಗೂ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಪಾಷಾಣವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಳೆ ಕಳೆದುಕೊಳ್ಳುತ್ತಿರುವವರಿಗೆ ಹಾಗೆ ಹೇಳುವುದು ಸುಲಭ, ನ್ಯಾಯವಲ್ಲ. ಅಳತೆ ಇರಲಿ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಕಾಸರಗೋಡಿನಲ್ಲಿ ಆರಂಭವಾಗಿ ಇಂದು ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎಂದು ನಾವೆಲ್ಲ ಕರೆಯುವ ಸಂಸ್ಥೆಯ ಶಿಫಾರಸು ಇದೆ: ಪ್ರತಿ ಐದು ತೆಂಗಿನ ಮರಗಳಲ್ಲಿ ಒಂದರ ಮಂಡೆಯಲ್ಲಿ ಮಾತ್ರ 10 ಗ್ರಾಂ ಬಿಲ್ಲೆ, ಹನ್ನೆರಡು ದಿನಗಳ ಅಂತರದಲ್ಲಿ ಎರಡು ಬಾರಿ. ಎಲ್ಲ ಮರಗಳಿಗೂ ಬೇಕಾಗಿಲ್ಲ, ಏಕೆಂದರೆ ಗರಿಗಳು ತಾಗಿಕೊಂಡಿರುವ ತೋಟದಲ್ಲಿ ಇಲಿ ನೆಲಕ್ಕಿಳಿಯದೇ ಮಂಡೆಯಿಂದ ಮಂಡೆಗೆ ಹೋಗುತ್ತದೆ. ಅದೇ ಕಾರಣಕ್ಕೆ ಕಾಂಡಕ್ಕೆ ತಗಡು ಸುತ್ತುವ ಉಪಾಯ ನಿಮ್ಮಲ್ಲಿ ಅರ್ಧವೇ ಫಲಿಸುತ್ತದೆ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತಿದರೆ ಇಲಿ ಜಾರುತ್ತದೆ, ಸರಿ. ಆದರೆ ಪಕ್ಕದ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಮೇಲಿನ ತನಕ ಮೆಟ್ಟಿಲಾಗಿ ನಿಂತಿರುತ್ತದೆ. ತೋಟದ ಅಂಚಿನಲ್ಲಿ, ಅಂಗಳದಲ್ಲಿ ಒಂಟಿಯಾಗಿ ನಿಂತ ತೆಂಗುಗಳಿಗೆ ತಗಡು ಹಾಕಿ, ಒಳಗಿನವಕ್ಕೆ ಹಣ ಹಾಕಬೇಡಿ. ಕಾಯಿ ಕೀಳಿಸುವಾಗಲೆಲ್ಲ ಮಂಡೆಯ ಒಣಗಿದ ಗರಿ, ಗೊನೆಯ ಒಣ ಕಡ್ಡಿ, ಇಲಿಗೂಡು ಎಲ್ಲವನ್ನೂ ತೆಗೆಸಿ. ಇದಕ್ಕೆ ಕೂಲಿ ಸ್ವಲ್ಪ ಹೆಚ್ಚು ಕೊಡಬೇಕಾದರೂ ಪಾಷಾಣಕ್ಕಿಂತ ಲಾಭ. ಕಣಿವೆಯಲ್ಲಿ ನಿಮ್ಮ ತೋಟಕ್ಕೆ ಅಂಟಿಕೊಂಡಿರುವ ತೋಟದವರೂ ಅದೇ ವಾರ ಮಾಡಿದರೆ ಮಾತ್ರ ಫಲ ನಿಲ್ಲುತ್ತದೆ. ಇಲ್ಲವಾದರೆ ಖಾಲಿಯಾದ ನಿಮ್ಮ ಮಂಡೆಗಳಿಗೆ ಅವರ ಇಲಿಗಳು ಬರುತ್ತವೆ.

ಕೊಕ್ಕೊವಿಗೆ ನಾನು ಕೊಡುವ ಸಲಹೆ ಒಂದೇ, ಇಲಿಗೂ ಅಳಿಲಿಗೂ ಅದೇ ಸಲ್ಲುತ್ತದೆ. ಎರಡೂ ಹುಡುಕುವುದು ಬೀಜದ ಸುತ್ತಲಿನ ಸಿಹಿ ತಿರುಳನ್ನು. ಹಳದಿ ತಿರುಗಿದ ಕಾಯಿ ಮರದಲ್ಲಿ ಉಳಿದಷ್ಟು ದಿನ ಅದು ಅವುಗಳ ಪಾಲು. ತಿಂಗಳಿಗೊಮ್ಮೆ ಕೊಯ್ಯುವ ರೂಢಿ ಬಿಟ್ಟು ಹತ್ತು ಹದಿನೈದು ದಿನಗಳಿಗೊಮ್ಮೆ ಕೊಯ್ಯಿರಿ, ಬಣ್ಣ ತಿರುಗಲು ಆರಂಭಿಸಿದ್ದನ್ನೇ ಕೊಯ್ಯಿರಿ, ತೂತು ಬಿದ್ದ ಕಾಯಿಗಳನ್ನು ಮರದಲ್ಲೂ ಬುಡದಲ್ಲೂ ಬಿಡಬೇಡಿ. ಇಬ್ಬರು ಹಂಚಿಕೊಳ್ಳುತ್ತಿದ್ದ ಆಹಾರವೇ ಕಡಿಮೆಯಾದಾಗ ಒಬ್ಬರು ಹೋದರೆ ಇನ್ನೊಬ್ಬರು ಹೆಚ್ಚುವ ಪ್ರಶ್ನೆ ಹುಟ್ಟುವುದಿಲ್ಲ. ಅಳಿಲಿಗೆ ವಿಷ ಇಡುವುದನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಹಗಲು ಹೊತ್ತು ಅದೇ ಕೊಂಬೆಗಳಿಗೆ ಬರುವ ಹಕ್ಕಿಗಳಿವೆ, ಕಾಡಿನ ಅಂಚಿನಲ್ಲಿದ್ದರೆ ಕೆಂಜಳಿಲು ಎಂಬ ದೊಡ್ಡ ಕಾಡಳಿಲೂ ಇದೆ.

ಮನೆಯೊಳಗೆ ಪಾಷಾಣ ಬೇಡವೇ ಬೇಡ. ಅದರಲ್ಲೂ ಹಳದಿ ರಂಜಕದ ಪೇಸ್ಟನ್ನು ಮನೆಗೆ ತರಲೇಬೇಡಿ. ಮಕ್ಕಳ ಬಾಯಿಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಚಿಟ್ಟಿಲಿಗೆ ಬೋನು ಸಾಕು, ಆದರೆ ಇಲಿಗೆ ಇಡುವ ರೀತಿಯಲ್ಲಿ ಇಟ್ಟರೆ ಬೀಳುವುದಿಲ್ಲ. ಕಪ್ಪಿಲಿ ಹೊಸ ವಸ್ತುವನ್ನು ಕಂಡರೆ ದಿನಗಟ್ಟಲೆ ಹತ್ತಿರ ಸುಳಿಯದು; ಚಿಟ್ಟಿಲಿ ಹೊಸದನ್ನು ಕಂಡರೆ ಕೂಡಲೇ ಮೂಸಲು ಬರುತ್ತದೆ. ಇಲಿಯ ತಿರುಗಾಟ ದೊಡ್ಡದು, ಚಿಟ್ಟಿಲಿಯದು ಕೆಲವೇ ಮೀಟರ್. ಆದ್ದರಿಂದ ಒಂದು ದೊಡ್ಡ ಬೋನಿಗಿಂತ ಹತ್ತು ಸಣ್ಣ ಬೋನುಗಳನ್ನು ಎರಡು ಮೂರು ಮೀಟರ್‌ಗೊಂದರಂತೆ ಗೋಡೆಗೆ ತಾಗಿಸಿ, ಸುಟ್ಟ ತೆಂಗಿನಕಾಯಿಯ ಚೂರು ಸಿಕ್ಕಿಸಿ, ಎಲ್ಲವನ್ನೂ ಒಂದೇ ರಾತ್ರಿ ಇಡಿ. ಸಣ್ಣ ಬೆರಳು ತೂರದ ಕಿಂಡಿಯಲ್ಲೂ ಅದು ನುಸುಳುತ್ತದೆ. ಆರು ಮಿಲಿಮೀಟರ್ ಸಂದಿ ಇದ್ದರೆ ಸಾಕು. ಬಾಗಿಲಿನ ಕೆಳಗೆ, ಪೈಪು ಹಾದುಹೋಗುವಲ್ಲಿ, ಮಾಡಿನ ಅಡ್ಡಪಟ್ಟಿಯ ಬಳಿ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಹೊಡೆಯಿರಿ. ಅಕ್ಕಿ, ಕೊಬ್ಬರಿ, ಸುಲಿದ ಅಡಿಕೆ ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿರಲಿ. ಅಟ್ಟದ ಇಲಿ ಮರಳಿ ಬಾರದಂತೆ ಮಾಡಿಗೆ ತಾಗುವ ಕೊಂಬೆಗಳನ್ನು ಕಡಿಯಿರಿ. ಇದೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಮಳೆ ಹಿಡಿದು ಬದುವಿನ ಬಿಲಗಳಿಗೆ ನೀರು ನುಗ್ಗಿದ ಮೇಲೆ ಹೊರಗಿನವೆಲ್ಲ ಒಣ ಜಾಗ ಹುಡುಕಿ ಮನೆಗೆ, ಹಟ್ಟಿಗೆ ಬರುತ್ತವೆ. ಸತ್ತ ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ. ಇಲಿಜ್ವರದ ಸೂಕ್ಷ್ಮಾಣು ಇಲಿ, ಹೆಗ್ಗಣ, ಸೊಂಡಿಲಿ ಮೂರರ ಮೂತ್ರದಲ್ಲೂ ಇರಬಹುದು. ಮಳೆಗಾಲದಲ್ಲಿ ಕಾಲಿಗೆ ಗಾಯವಿರುವವರು ತೋಟದ ಕೆಸರಿಗೆ ಇಳಿಯುವ ಮೊದಲು ಬೂಟು ಹಾಕಿಕೊಳ್ಳಲಿ, ಜ್ವರ ಮೈಕೈನೋವು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಲಿ.

ಸೊಂಡಿಲಿಯನ್ನು ಹೊರಗೆ ಇರಲು ಬಿಡಿ, ಹಟ್ಟಿಯಲ್ಲಿ ಮತ್ತು ಸೌದೆಕೊಟ್ಟಿಗೆಯಲ್ಲಿ ಅದಕ್ಕೆ ಬೇಕಾದಷ್ಟು ಹುಳುಗಳಿವೆ. ಅದು ಮನೆಯೊಳಗೆ ಬರುವ ದಾರಿ ಹೆಚ್ಚಾಗಿ ಬಚ್ಚಲಿನ ನೀರು ಹೋಗುವ ಕಿಂಡಿ. ಅದಕ್ಕೆ ಒಂದು ಜಾಲರಿ ಹಾಕಿದರೆ ಸಾಕು.